ಎಷ್ಟು ಹತ್ತಿರ ಸಾಕು? ನಾಲ್ಕು ತಾಲ್ಲೂಕುಗಳ ದೊಡ್ಡ ಜೇಡಗಳು ಮತ್ತು ನಮ್ಮ ಕ್ಯಾಮೆರಾ



ದತ್ತಿ ಉಪನ್ಯಾಸವೆಂದರೆ ವಚನ, ಜಾನಪದ, ಇಲ್ಲವೇ ಯಾರಾದರೂ ಹಿರಿಯ ಕವಿ ಎಂಬುದು ವಾಡಿಕೆ. ಜೇಡದ ಮೇಲೆ, ಅದರಲ್ಲೂ ಜೇಡದ ಫೋಟೊ ತೆಗೆಯುವುದರ ಮೇಲೆ ಮಾತಾಡಿ ಅಂದಾಗ ಸಂಘಟಕರು ತಮಾಷೆ ಮಾಡುತ್ತಿದ್ದಾರೆಂದೇ ತಿಳಿದಿದ್ದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಆದ್ದರಿಂದ ನಾನೂ ಮಾಡುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಈ ನಾಲ್ಕು ತಾಲ್ಲೂಕುಗಳ ನಮ್ಮ ಸೀಮೆಗೆ ಕ್ಯಾಮೆರಾ ಹಿಡಿದು ಬರುವವರಿಗೆ ಬರಗಾಲವಿಲ್ಲ. ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಕಬಿನಿ ಹಿನ್ನೀರಿಗೆ ಹೋಗುವ ಕಾರುಗಳನ್ನು ನೋಡಿ. ಹುಣಸೂರು ದಾಟಿ ವೀರನಹೊಸಹಳ್ಳಿ ಗೇಟಿನ ಮುಂದೆ ಬೆಳಗಿನ ಜಾವ ನಿಂತ ಸಾಲು ನೋಡಿ. ಎಲ್ಲರ ತೊಡೆಯ ಮೇಲೂ ಮೊಳಕ್ಕಿಂತ ಉದ್ದದ ಲೆನ್ಸ್. ಅವರಿಗೆ ಬೇಕಾದದ್ದು ಹುಲಿ, ಚಿರತೆ, ಅದೃಷ್ಟವಿದ್ದರೆ ಕರಿ ಚಿರತೆ. ಆ ಸಾಲು ಮುಂದೆ ಸರಿಯುತ್ತಿರುವಾಗ ರಸ್ತೆಯ ಪಕ್ಕದ ಬೇಲಿಯಲ್ಲಿ ಅಂಗೈ ಅಗಲದ ಜೇಡವೊಂದು ತಲೆ ಕೆಳಗಾಗಿ ತೂಗುತ್ತಿರುತ್ತದೆ. ಅದನ್ನು ನೋಡಲು ಟಿಕೆಟ್ ಬೇಡ, ಜೀಪು ಬೇಡ. ಬಹುಶಃ ಅದಕ್ಕೇ ಯಾರೂ ನೋಡುವುದಿಲ್ಲ.

ಕರ್ನಾಟಕಕ್ಕೆ ವನ್ಯಜೀವಿ ಛಾಯಾಗ್ರಹಣದ ದೊಡ್ಡ ಪರಂಪರೆಯೇ ಇದೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯಲ್ಲಿದ್ದುಕೊಂಡು ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿ, ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದ ನಮ್ಮ ಮೈಸೂರಿನ ಕೃಪಾಕರ-ಸೇನಾನಿ. ಪ್ರಾಣಿ, ಹಕ್ಕಿಗಳ ಛಾಯಾಗ್ರಹಣದಿಂದ ನಾವು ಕಲಿತು ಬಂದ ಪಾಠ ಸ್ಥೂಲವಾಗಿ ಇದು: ದೂರ ನಿಲ್ಲು, ಲೆನ್ಸಿನಿಂದ ಹತ್ತಿರ ತಂದುಕೋ, ಕಣ್ಣಿಗೆ ಫೋಕಸ್ ಮಾಡು, ಚೌಕಟ್ಟು ತುಂಬಿಸು. ಹುಲಿಗೂ ಹಕ್ಕಿಗೂ ಇದು ಸರಿ. ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೊ ಲೆನ್ಸ್ ಕೊಂಡ ಹುಡುಗರು ಇದೇ ಪಾಠವನ್ನು ದೊಡ್ಡ ಜೇಡಕ್ಕೂ ಒಪ್ಪಿಸುತ್ತಾರೆ. ಅಲ್ಲಿ ಚಿತ್ರ ಕೆಡುತ್ತದೆ, ಜೇಡದ ಬದುಕೂ ಕೆಡುತ್ತದೆ. ಜೇಡ ದೊಡ್ಡದಾದಷ್ಟೂ ನಾವು ಒಂದು ಹೆಜ್ಜೆ ಹಿಂದೆ ಸರಿಯಬೇಕು ಎಂಬುದು ಇವತ್ತಿನ ನನ್ನ ವಾದ. ಮ್ಯಾಕ್ರೊ ಲೆನ್ಸ್ ಮಾರುವವರು ಇದನ್ನು ಒಪ್ಪಲಾರರು.

ಮೊದಲು ಆ ಬೇಲಿಯ ಜೇಡ. ವಿಜ್ಞಾನಿಗಳು ಇದನ್ನು ನೆಫಿಲಾ ಪಿಲಿಪೆಸ್ ಎನ್ನುತ್ತಾರೆ. ಡೆನ್ಮಾರ್ಕಿನ ಫ್ಯಾಬ್ರೀಷಿಯಸ್ 1793ರಲ್ಲಿ ವರ್ಣಿಸಿದ್ದು. ತೋಟದ ಆಳುಗಳಿಗೆ ಇದು ಬರೀ ‘ದೊಡ್ಡ ಜೇಡ’, ಅಷ್ಟು ಸಾಕು. ಹೆಣ್ಣಿನ ಮೈ 3ರಿಂದ 5 ಸೆಂಟಿಮೀಟರ್, ಕಾಲು ಚಾಚಿದರೆ 15 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು. ಗಂಡು ಅರ್ಧ ಸೆಂಟಿಮೀಟರಿನ ಆಸುಪಾಸು. ಹೆಣ್ಣಿನ ತೂಕ ಗಂಡಿನ ನೂರು ಪಟ್ಟಿಗೂ ಹೆಚ್ಚು. ಹಳದಿ ಮಿಶ್ರಿತ ಚಿನ್ನದ ಬಣ್ಣದ ನೂಲು. ಬಲೆ ಮೀಟರಿಗೂ ಮೀರಿ ಹರಡುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಆಧಾರದ ಎಳೆಗಳು ಎದುರು ಮರದವರೆಗೂ ಹೋಗಿರುತ್ತವೆ. ಮಳೆಗಾಲದಲ್ಲಿ ಬೆಳೆದು, ಮಳೆ ಹಿಂದೆಗೆಯುವ ಹೊತ್ತಿಗೆ ಹೆಣ್ಣುಗಳು ತುಂಬು ಗಾತ್ರಕ್ಕೆ ಬಂದಿರುತ್ತವೆ. ಪಶ್ಚಿಮದ ಕಡೆಯ ತೇವದ ಕಾಡಂಚು, ಕೊಡಗಿನ ಗಡಿಗೆ ತಾಗಿದ ಕಾಫಿ ತೋಟ, ಅಡಿಕೆ ತೋಟ, ಇವು ಇದನ್ನು ಹುಡುಕಬೇಕಾದ ಜಾಗಗಳು.

ಈಗ ಸ್ವಲ್ಪ ಲೆಕ್ಕ. ಭಯ ಬೇಡ, ಎಸ್‌ಎಸ್‌ಎಲ್‌ಸಿ ಗಣಿತ ಸಾಕು. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಮ್ಯಾಕ್ರೊ ಲೆನ್ಸಿನ ಪೆಟ್ಟಿಗೆಯ ಮೇಲೆ ಹೆಮ್ಮೆಯಿಂದ ಬರೆದಿರುತ್ತಾರಲ್ಲ, 1:1 ಎಂದು, ಅದರ ಅರ್ಥ ಇಷ್ಟೇ: 36 ಮಿಲಿಮೀಟರ್ ಅಗಲದ ವಸ್ತು ಚೌಕಟ್ಟನ್ನು ಪೂರ್ತಿ ತುಂಬುತ್ತದೆ. ಬೆಳೆದ ನೆಫಿಲಾದ ಮೈ ಕೂಡ ಇದರೊಳಗೆ ಸರಿಯಾಗಿ ಹಿಡಿಯುವುದಿಲ್ಲ, ಕಾಲುಗಳ ಮಾತು ಬಿಡಿ. ಇಡೀ ಜೇಡ ಬೇಕೆಂದರೆ 1:4 ಸಾಕು. ಅಲ್ಲಿ 144 ಮಿಲಿಮೀಟರ್ ಅಗಲ ಸಿಗುತ್ತದೆ; ಕಾಲು ಪೂರ್ತಿ ಚಾಚಿದ ದೊಡ್ಡ ಹೆಣ್ಣಾದರೆ ಇನ್ನೂ ಸ್ವಲ್ಪ ಹಿಂದೆ ಸರಿಯಿರಿ. ಇದಕ್ಕೆ ಮ್ಯಾಕ್ರೊ ಲೆನ್ಸೇ ಬೇಕೆಂದಿಲ್ಲ. ಹಳೆಯ 50 ಮಿಲಿಮೀಟರ್ ಲೆನ್ಸಿಗೆ ಒಂದು ಸಣ್ಣ ಎಕ್ಸ್‌ಟೆನ್ಷನ್ ಟ್ಯೂಬ್ ಸಿಕ್ಕಿಸಿದರೂ ನಡೆಯುತ್ತದೆ. ಈಗಿನ ಮೊಬೈಲುಗಳೂ ಇಷ್ಟನ್ನು ಮಾಡುತ್ತವೆ.

ಹಿಂದೆ ಸರಿದರೆ ಸಿಗುವ ಲಾಭ ಇನ್ನೂ ಒಂದಿದೆ. 1:1ರಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು, ಎಫ್-16ಕ್ಕೆ ಇಳಿಸಿದರೂ ಸ್ಪಷ್ಟವಾಗಿ ಮೂಡುವ ಆಳ ಸುಮಾರು 2 ಮಿಲಿಮೀಟರ್ ಮಾತ್ರ. 1:4ರಲ್ಲಿ ಅದೇ ಅಪರ್ಚರಿಗೆ ಸುಮಾರು 19 ಮಿಲಿಮೀಟರ್. ಹತ್ತಿರ ಹತ್ತು ಪಟ್ಟು. ತಲೆಯಿಂದ ಹೊಟ್ಟೆಯ ತುದಿಯವರೆಗೆ, ಎಂಟೂ ಕಾಲಿನ ಗಂಟುಗಳು, ಸುತ್ತಲಿನ ಎಳೆ, ಎಲ್ಲ ಒಟ್ಟಿಗೆ ಸ್ಪಷ್ಟ. ಅದಕ್ಕೆ ಒಂದೇ ಷರತ್ತು, ಕ್ಯಾಮೆರಾದ ಬೆನ್ನು ಬಲೆಗೆ ಸಮಾನಾಂತರವಾಗಿರಬೇಕು. ಸ್ವಲ್ಪ ಓರೆಯಾದರೂ ಒಂದು ಕಡೆಯ ಕಾಲುಗಳು ಮಸುಕಾಗುತ್ತವೆ. ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸುವ ಫೋಕಸ್ ಸ್ಟ್ಯಾಕಿಂಗ್ ಬಗ್ಗೆ ವಿದ್ಯಾರ್ಥಿಗಳು ಕೇಳುತ್ತಾರೆ. ಮೇಜಿನ ಮೇಲಿನ ಸತ್ತ ಜೀರುಂಡೆಗೆ ಅದು ಬಲು ಚೆನ್ನ. ಗಾಳಿಗೆ ತೂಗುವ ಬಲೆಯ ಮುಂದೆ ಅದು ತಾಳ್ಮೆಯ ಪರೀಕ್ಷೆ, ಅಷ್ಟೇ.

ಹಿಂದೆ ಸರಿದು ನೋಡಿದ ಮೇಲೆ ಆ ಬಲೆಯಲ್ಲಿ ಇರುವುದು ಒಂಟಿ ಜೇಡವಲ್ಲ ಎಂದು ಗೊತ್ತಾಗುತ್ತದೆ. ಮೇಲ್ಭಾಗದಲ್ಲಿ, ಹೆಣ್ಣಿನ ಬೆನ್ನಿನ ಹತ್ತಿರ, ಒಂದೋ ಎರಡೋ ಕೆಲವೊಮ್ಮೆ ಇನ್ನೂ ಹೆಚ್ಚೋ ಗಂಡುಗಳು. ಇನ್ನೊಂದು ಅಂಚಿನಲ್ಲಿ ಬೆಳ್ಳಿಯ ಹನಿಯಂತೆ ಮಿನುಗುವ ಆರ್ಗಿರೋಡಿಸ್ ಎಂಬ ಪುಟ್ಟ ಜೇಡಗಳು. ಇವು ಯಜಮಾನಿಯ ಬಲೆಯಲ್ಲಿ ಬಿದ್ದ ಸಣ್ಣ ಹುಳುಗಳನ್ನು ಕದ್ದು ತಿಂದು ಬದುಕುತ್ತವೆ. ಬಲೆಯ ಹಿಂದೆ ಮುಂದೆ ತಡೆಗೋಡೆಯಂಥ ಅಡ್ಡಾದಿಡ್ಡಿ ಎಳೆಗಳು, ಅಲ್ಲಿ ಇಲ್ಲಿ ತಿಂದು ಬಿಟ್ಟ ಹುಳುಗಳ ಸಿಪ್ಪೆ. ಮುಖಕ್ಕೆ ಲೆನ್ಸ್ ಒತ್ತಿದವನಿಗೆ ಈ ಸಂಸಾರ ಒಂದೂ ಕಾಣುವುದಿಲ್ಲ. ಮೈಕೆಲ್ ಮತ್ತು ಬಾರ್ಬರಾ ರಾಬಿನ್‌ಸನ್ ದಂಪತಿ ನ್ಯೂಗಿನಿಯಲ್ಲಿ ಇದೇ ಜೇಡವನ್ನು, ಆಗ ಅದಕ್ಕೆ ನೆಫಿಲಾ ಮ್ಯಾಕುಲೇಟಾ ಎಂಬ ಹೆಸರಿತ್ತು, ಅಭ್ಯಾಸ ಮಾಡಿ 1973ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯಿಂದ ದೊಡ್ಡ ವರದಿಯನ್ನೇ ಪ್ರಕಟಿಸಿದರು. ಅವರು ಬರೆದದ್ದರಲ್ಲಿ ಬಹುಪಾಲು ಬಲೆಯ ಮೇಲೆ ಯಾರು ಏನು ಮಾಡುತ್ತಾರೆ ಎಂಬುದೇ. ಜೇಡದ ಕಥೆ ಇರುವುದು ಅಲ್ಲಿ.

ಇನ್ನು ‘ಕಣ್ಣಿಗೆ ಫೋಕಸ್ ಮಾಡು’ ಎಂಬ ಪಾಠ. ಹುಲಿಗೆ ಕಣ್ಣು ಮುಖ್ಯ. ಮೇಲೆ ಹಾರಿ ಬೇಟೆಯಾಡುವ ಪುಟ್ಟ ಜಿಗಿಜೇಡಕ್ಕೂ ಕಣ್ಣೇ ಮುಖ್ಯ. ಅದರ ಮುಂದಿನ ಎರಡು ದೊಡ್ಡ ಕಣ್ಣುಗಳ ಚಿತ್ರ ತೆಗೆದರೆ ತಪ್ಪಿಲ್ಲ. ಬಲೆ ಕಟ್ಟುವ ನೆಫಿಲಾಕ್ಕೆ ಎಂಟು ಕಣ್ಣಿದ್ದರೂ ದೃಷ್ಟಿ ಮಂದ. ಅದರ ಲೋಕ ಇರುವುದು ಕಾಲಿನ ತುದಿಯಲ್ಲಿ, ಎಳೆಯ ಕಂಪನದಲ್ಲಿ. ಎಲ್ಲಿ ಹುಳು ಬಿತ್ತು, ಬಂದದ್ದು ಗಂಡೋ ಗಾಳಿಯೋ ಎಂಬುದನ್ನು ಅದು ನೂಲಿನಿಂದ ತಿಳಿಯುತ್ತದೆ. ಆ ಕಾಲಿನ ಉಗುರು ಎಳೆಯನ್ನು ಹಿಡಿದಿರುವ ಜಾಗ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿದರೆ, ಕಣ್ಣು ಮಸುಕಾದರೂ ನನಗೆ ಚಿಂತೆಯಿಲ್ಲ. ಸ್ಪರ್ಧೆಗಳ ತೀರ್ಪುಗಾರರು ಇದಕ್ಕೆ ಅಂಕ ಕೊಡುವುದಿಲ್ಲ, ಅದು ಬೇರೆ ಮಾತು.

ನೂಲು ಕಾಣುವಂತೆ ಮಾಡುವುದೇ ಈ ಕೆಲಸದ ನಿಜವಾದ ಕಷ್ಟ. ಎಳೆಯ ದಪ್ಪ ಕೂದಲಿಗಿಂತ ಎಷ್ಟೋ ಕಡಿಮೆ. ಬೆಳಕು ಪಕ್ಕದಿಂದಲೋ ಹಿಂದಿನಿಂದಲೋ ಬಿದ್ದು ಚೆದುರಿದಾಗ ಮಾತ್ರ ಅದು ಹೊಳೆಯುತ್ತದೆ, ಹಿನ್ನೆಲೆ ನೆರಳಾಗಿದ್ದರೆ ಇನ್ನೂ ಚೆನ್ನ. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ನೇರವಾಗಿ ಹೊಡೆದರೆ ಜೇಡ ಉಳಿದು ಬಲೆ ಮಾಯ. ಆದ್ದರಿಂದ ಬೆಳಗ್ಗೆ ಎಂಟು, ಒಂಬತ್ತರ ಓರೆ ಬಿಸಿಲು, ಹಿಂದೆ ಮರದ ನೆರಳು, ಇಷ್ಟು ಹೊಂದಿಸಿಕೊಂಡು ಕಾಯಬೇಕು. ಫ್ಲ್ಯಾಶ್ ಬೇಕೇ ಬೇಕಾದರೆ ಕ್ಯಾಮೆರಾದಿಂದ ಬಿಡಿಸಿ ಪಕ್ಕಕ್ಕೆ ಹಿಡಿದು, ಮುಂದೆ ಬಿಳಿ ಬಟ್ಟೆಯನ್ನೋ ಟ್ರೇಸಿಂಗ್ ಕಾಗದವನ್ನೋ ಕಟ್ಟಿ. ಕೆಲವರು ಬಲೆ ಕಾಣಲೆಂದು ಮೆಕ್ಕೆಜೋಳದ ಹಿಟ್ಟು ಉದುರಿಸುತ್ತಾರೆ; ಪ್ರಯೋಗಾಲಯದ ಪಟಗಳಿಗೆ ಹಾಗೆ ಮಾಡುವುದುಂಟು. ಹಿಟ್ಟು ಬಿದ್ದ ಅಂಟಿಗೆ ಆಮೇಲೆ ಹುಳು ಅಂಟುವುದಿಲ್ಲ. ನೆಫಿಲಾ ಇತರ ಎಷ್ಟೋ ಜೇಡಗಳಂತೆ ದಿನಾ ಇಡೀ ಬಲೆಯನ್ನು ಹೊಸದಾಗಿ ಕಟ್ಟುವುದಿಲ್ಲ, ಭಾಗ ಭಾಗವಾಗಿ ರಿಪೇರಿ ಮಾಡುತ್ತದೆ. ನಿಮ್ಮ ಒಂದು ಚಿತ್ರಕ್ಕಾಗಿ ಅದು ಉಪವಾಸ ಬೀಳಬೇಕಾಗುತ್ತದೆ. ಅದಕ್ಕಿಂತ ಹೆಚ್ಚು ಹಾನಿ ಮಾಡುವುದು ಟ್ರೈಪಾಡಿನ ಕಾಲು. ಬಲೆಯನ್ನು ಜೋಪಾನ ಮಾಡುತ್ತಾ ಅದರ ಆಧಾರದ ಎಳೆಯನ್ನು ಮೂರು ಮಾರು ಆಚೆ ಕಡಿದು ಹಾಕುವವರೇ ಹೆಚ್ಚು. ಸುತ್ತು ಹಾಕುವ ಮೊದಲು ಎಳೆಗಳು ಎಲ್ಲೆಲ್ಲಿ ಹೋಗಿವೆ ಎಂದು ತಲೆ ಓರೆ ಮಾಡಿ ನೋಡಿಕೊಳ್ಳಬೇಕು.

ಆದರೆ ಸುತ್ತು ಹಾಕಲೇಬೇಕು. ಬಲೆಯ ಒಂದು ಕಡೆಯಿಂದ ಬೆನ್ನು ಕಂಡರೆ ಇನ್ನೊಂದು ಕಡೆಯಿಂದ ಹೊಟ್ಟೆಯ ಅಡಿ ಕಾಣುತ್ತದೆ. ಜೇಡಗಳ ಜಾತಿ ಗುರುತಿಸುವವರಿಗೆ ಅಡಿಯ ಚಿತ್ರವೇ ಹೆಚ್ಚು ಬೆಲೆಯದು, ಹೆಣ್ಣಿನ ಜನನೇಂದ್ರಿಯದ ಗುರುತು ಇರುವುದು ಅಲ್ಲಿ. ಬೆನ್ನು, ಅಡಿ, ಇಡೀ ಬಲೆ, ಬಲೆ ಕಟ್ಟಿದ ಗಿಡ. ಈ ನಾಲ್ಕು ಚಿತ್ರ ಇದ್ದರೆ ಹುಡುಗನೊಬ್ಬನ ಮೊಬೈಲು ಕೂಡ ವಿಜ್ಞಾನಕ್ಕೆ ಉಪಯೋಗ.

ಬಲೆಯ ಜೇಡಗಳಲ್ಲಿ ಇನ್ನೊಂದು, ಆರ್ಗಿಯೋಪೆ. ಪಿರಿಯಾಪಟ್ಟಣದ ಕಡೆ ಶುಂಠಿ ಹೊಲದ ಬದುವಿನಲ್ಲಿ, ಕತ್ತಾಳೆ ಪಟ್ಟೆಗಳ ನಡುವೆ ಹುಡುಕಿ. ಎರಡೆರಡು ಕಾಲು ಜೋಡಿಸಿ ಗುಣಾಕಾರ ಚಿಹ್ನೆಯ ಹಾಗೆ ಕೂತಿರುತ್ತದೆ, ಬಲೆಯಲ್ಲೂ ಅದೇ ಆಕಾರದ ದಪ್ಪ ಬಿಳಿ ಅಂಕುಡೊಂಕು ಪಟ್ಟಿ. ಆ ಪಟ್ಟಿ ಹುಳುಗಳನ್ನು ಸೆಳೆಯಲೋ, ಹಕ್ಕಿಗಳಿಗೆ ಎಚ್ಚರಿಕೆ ಕೊಡಲೋ ಎಂದು ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರೆ. ನಮಗೆ ಅದು ಕಲಿಸುವುದು ಬೇರೆ. ನೀವು ಹತ್ತಿರವಾಗುತ್ತಿದ್ದಂತೆ ಆರ್ಗಿಯೋಪೆ ಕಾಲುಗಳನ್ನು ಬಗ್ಗಿಸಿ ಇಡೀ ಬಲೆಯನ್ನು ಜೋರಾಗಿ ಜೋಕಾಲಿಯಾಡಿಸುತ್ತದೆ, ಇಲ್ಲವೇ ದಾರ ಬಿಟ್ಟು ದಬಕ್ಕನೆ ಕೆಳಗೆ ಬೀಳುತ್ತದೆ. ಬಲೆ ಅಲುಗಿತೆಂದರೆ ನೀವು ಆಗಲೇ ಬೇಕಾದ್ದಕ್ಕಿಂತ ಹತ್ತಿರ ಇದ್ದೀರಿ. ಇದಕ್ಕಿಂತ ಒಳ್ಳೆಯ ಅಳತೆಗೋಲು ಯಾವ ಕ್ಯಾಮೆರಾ ಕಂಪನಿಯೂ ಮಾಡಿಲ್ಲ.

ಸಭೆಯಲ್ಲಿ ಹೆಣ್ಣುಮಕ್ಕಳು ಇದ್ದೀರಿ, ಮನೆಯ ಜೇಡದ ಮಾತೂ ಆಡೋಣ. ರಾತ್ರಿ ಅಡುಗೆಮನೆ ದೀಪ ಹಾಕಿದ ಕೂಡಲೇ ಗೋಡೆಯ ಮೇಲೆ ಸರಕ್ಕನೆ ಅಡ್ಡ ಓಡುವ ಅಂಗೈ ಅಗಲದ ಕಂದು ಜೇಡ ಹೆಟೆರೊಪೋಡಾ ವೆನಟೋರಿಯಾ. ಲಿನೇಯಸ್ ಹೆಸರಿಟ್ಟದ್ದು 1767ರಲ್ಲಿ. ಹಡಗುಗಳ ಜೊತೆ ಬೆಚ್ಚಗಿನ ದೇಶಗಳಿಗೆಲ್ಲ ಹರಡಿದೆ. ಇದು ಬಲೆ ಕಟ್ಟುವುದಿಲ್ಲ, ಜಿರಲೆ ಹಿಡಿದು ತಿನ್ನುತ್ತದೆ. ಹೆಣ್ಣು ಕೆಲವೊಮ್ಮೆ ಮೈಯ ಅಡಿಯಲ್ಲಿ ಬಿಳಿ ಬಿಲ್ಲೆಯಂಥದ್ದನ್ನು ಅವುಚಿಕೊಂಡು ಓಡಾಡುತ್ತದೆ, ಅದು ಮೊಟ್ಟೆಯ ಚೀಲ. ಪೊರಕೆ ಎತ್ತುವ ಮೊದಲು ಒಂದು ಪಟ ತೆಗೆಯಿರಿ, ಆಮೇಲೆ ಪೊರಕೆಯನ್ನೂ ಕೆಳಗಿಡಿ. ಗೋಡೆಯ ಮೇಲೆ ನಿಮ್ಮ ನೆರಳು ಬೀಳದಂತೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಪಕ್ಕದಲ್ಲಿ ಸ್ವಿಚ್ಚೋ ಕ್ಯಾಲೆಂಡರೋ ಇದ್ದರೆ ಅದೂ ಇರಲಿ. ಅದರ ಗಾತ್ರ ಎಷ್ಟೆಂದು ನೋಡುವವರಿಗೆ ತಿಳಿಯುವುದು ಹಾಗೆ.

ಗಾತ್ರದ ಮಾತು ಯಾಕೆ ಎತ್ತಿದೆನೆಂದರೆ, ಜೇಡದ ಭಯಕ್ಕೆ ಮ್ಯಾಕ್ರೊ ಫೋಟೊಗಳ ಕೊಡುಗೆ ಕಡಿಮೆಯಲ್ಲ. ಎಂಟು ಮಿಲಿಮೀಟರಿನ ಮುಖವನ್ನು ಗೋಡೆ ತುಂಬ ಹಿಗ್ಗಿಸಿದರೆ ಯಾವ ಪ್ರಾಣಿಯೂ ರಾಕ್ಷಸನೇ. ನಮ್ಮಲ್ಲಿ ಮೊದಲೇ ಜೇಡದ ಮೇಲೆ ಅಪವಾದಗಳಿವೆ. ಮಳೆಗಾಲದಲ್ಲಿ ಕುತ್ತಿಗೆ, ತೋಳಿನ ಮೇಲೆ ಗೆರೆ ಎಳೆದಂತೆ ಗುಳ್ಳೆ ಎದ್ದರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುತ್ತೇವೆ. ಎಷ್ಟೋ ಸಲ ಅದರ ಹಿಂದಿರುವುದು ದೀಪಕ್ಕೆ ಬರುವ, ಕೆಂಪು ಕಪ್ಪು ಪಟ್ಟಿಯ, ಇರುವೆಯಂತೆ ಕಾಣುವ ಪೆಡೆರಸ್ ಎಂಬ ಪುಟ್ಟ ಜೀರುಂಡೆ. ಮೈಮೇಲೆ ಅದನ್ನು ಉಜ್ಜಿ ಸಾಯಿಸಿದಾಗ ಅದರ ರಸ ಚರ್ಮವನ್ನು ಸುಡುತ್ತದೆ. ತಮಾಷೆಯೆಂದರೆ ಕೆ.ಆರ್. ನಗರದ ನಾಲೆ ಬಯಲಿನ ಭತ್ತದ ಗದ್ದೆಯಲ್ಲಿ ಈ ಜೀರುಂಡೆಯೂ ಜೇಡಗಳೂ ಒಂದೇ ಕೆಲಸ ಮಾಡುತ್ತವೆ, ಎರಡೂ ಕಂದು ಜಿಗಿಹುಳುವಿನ ಶತ್ರುಗಳು. ಔಷಧಿ ಹೊಡೆದಾಗ ಮೊದಲು ಸಾಯುವುದು ಇವು, ಆಮೇಲೆ ಜಿಗಿಹುಳು ಇಮ್ಮಡಿಯಾಗಿ ಬರುತ್ತದೆ. ಏಷ್ಯಾದ ಭತ್ತದ ನಾಡುಗಳೆಲ್ಲ ಇದನ್ನು ಅನುಭವಿಸಿವೆ. ಆ ಗದ್ದೆಯ ಜೇಡಗಳು ಸಣ್ಣವು, ಇವತ್ತಿನ ವಿಷಯದೊಳಗೆ ಬರುವುದಿಲ್ಲ. ಅವಕ್ಕೆ 1:1 ನಿಜವಾಗಿಯೂ ಬೇಕು.

ಕಾಡಂಚಿಗೆ ಹೋಗುವವರಿಗೆ ಒಂದು ಮಾತು. ಹುಲಿ ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಸಫಾರಿ ಜೀಪಿನಿಂದ ಇಳಿಯುವಂತಿಲ್ಲ, ಜೇಡಕ್ಕಾಗಿ ಜೀಪು ನಿಲ್ಲಿಸುವ ಚಾಲಕನೂ ನನಗೆ ಸಿಕ್ಕಿಲ್ಲ. ನಮ್ಮ ಕೆಲಸವೆಲ್ಲ ಆನೆ ಕಂದಕದ ಈಚೆಗೆ. ಆದರೆ ಇಬ್ಬನಿ ಕೂತ ಬಲೆಗೆ ಯಾವ ಹೊತ್ತು ಒಳ್ಳೆಯದೋ ಅದೇ ಹೊತ್ತಿಗೆ ರಾತ್ರಿ ಹೊಲ ಮೇಯ್ದ ಆನೆ ಕಾಡಿಗೆ ಮರಳುತ್ತಿರುತ್ತದೆ. ಮ್ಯಾಕ್ರೊ ಮಾಡುವವನಿಗೆ ಬೆನ್ನ ಹಿಂದೆ ಏನಿದೆ ಎಂಬ ಪರಿವೆಯೇ ಇರುವುದಿಲ್ಲ. ಹಾಡಿಯಲ್ಲೋ ಟೀ ಅಂಗಡಿಯಲ್ಲೋ ‘ಅಣ್ಣ, ರಾತ್ರಿ ಆನೆ ಈ ಕಡೆ ಬಂದಿತ್ತಾ?’ ಎಂದು ಕೇಳದೆ ಹೊರಡಬೇಡಿ. ಜೇಡ ಎಲ್ಲಿದೆ ಎಂಬುದೂ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಕೊನೆಗೆ ಉಳಿಸಿಕೊಂಡದ್ದು ಅತಿ ಕಷ್ಟದ ಜೇಡ. ಪೀಸಿಲೋಥೀರಿಯಾ. ಹಳೆಯ ಮರದ ಪೊಟರೆಗಳಲ್ಲಿ ಹಗಲೆಲ್ಲ ಅವಿತಿದ್ದು ರಾತ್ರಿ ಕಾಂಡದ ಮೇಲೆ ಬಂದು ಕೂರುವ, ಕೂದಲು ತುಂಬಿದ, ಬೂದು ಬಣ್ಣದ ಮೈಮೇಲೆ ನವಿರಾದ ಚಿತ್ತಾರವಿರುವ ಜೇಡ. ಭಾರತ, ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಕುಲವಿಲ್ಲ. ಇದರಲ್ಲಿ ಸ್ಟ್ರಯೇಟಾ ಎಂಬ ಪ್ರಭೇದವನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ರೆಜಿನಾಲ್ಡ್ ಪೊಕಾಕ್ 1895ರಲ್ಲಿ ವರ್ಣಿಸಿದ. ವಿದೇಶದ ಸಾಕುಪ್ರಾಣಿ ಅಂಗಡಿಗಳಲ್ಲಿ ಅದು ಮಾರಾಟವಾಗುವುದು ‘ಮೈಸೂರು ಆರ್ನಮೆಂಟಲ್’ ಎಂಬ ಹೆಸರಿನಲ್ಲಿ. ನಮ್ಮ ಊರಿನ ಹೆಸರು ಹೊತ್ತ ಜೇಡವನ್ನು ಯೂರೋಪಿನವರು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ, ಇಲ್ಲಿ ಅದು ಇದೆಯೆಂದೇ ನಮಗೆ ಗೊತ್ತಿಲ್ಲ. ಪೊಕಾಕ್ 1900ರಲ್ಲಿ ಭಾರತದ ಜೇಡ, ಚೇಳುಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದ, ಬಹುತೇಕ ಸ್ಪಿರಿಟ್ಟಿನಲ್ಲಿ ಮುಳುಗಿಸಿ ಕಳಿಸಿದ ಸತ್ತ ಮಾದರಿಗಳನ್ನು ನೋಡಿಕೊಂಡು. ಸ್ಪಿರಿಟ್ಟಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಜೀವಂತ ಬಣ್ಣವನ್ನು ಹಿಡಿಯಬಲ್ಲದ್ದು ಛಾಯಾಚಿತ್ರ, ಅದರಲ್ಲಿ ಎರಡು ಮಾತಿಲ್ಲ.

ತೊಡಕು ಇರುವುದು ಇಲ್ಲೇ. ಈ ಕುಲದಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರೆ ಮಾಡಲು ಮುಖ್ಯ ಆಧಾರ ಕಾಲುಗಳ ಅಡಿಯ ಬಣ್ಣ. ಮುಂಗಾಲಿನ ಅಡಿಯಲ್ಲಿ ಎದ್ದು ಕಾಣುವ ಹಳದಿ, ಅದರ ಪಕ್ಕ ಕಪ್ಪು. ಜೇಡ ಆ ಹಳದಿಯನ್ನು ತೋರಿಸುವುದು ಬೆದರಿದಾಗ, ಮುಂಗಾಲುಗಳನ್ನೆತ್ತಿ ‘ಹತ್ತಿರ ಬರಬೇಡ’ ಎಂದಾಗ. ಹಾಗಾಗಿ ಗುರುತಿಗೆ ಒದಗುವ ಒಳ್ಳೆಯ ಚಿತ್ರ ಮತ್ತು ಹಿಂಸೆಗೊಳಗಾದ ಜೇಡದ ಚಿತ್ರ ಎರಡೂ ಒಂದೇ ಆಗಿಬಿಡುತ್ತವೆ. ಕಡ್ಡಿಯಿಂದ ತಿವಿದು, ಊದಿ, ಟಾರ್ಚು ಬಿಟ್ಟು ಕಾಲೆತ್ತಿಸುವ ಛಾಯಾಗ್ರಾಹಕರು ಇದ್ದಾರೆ. ಇದರ ಕಡಿತದಿಂದ ಮನುಷ್ಯರು ಸತ್ತದ್ದು ದೃಢಪಟ್ಟಿಲ್ಲ, ಆದರೆ ಸ್ನಾಯು ಸೆಡೆತ ದಿನಗಟ್ಟಲೆ ಕಾಡುತ್ತದೆ. ತಿವಿದವರಿಗೆ ಇದೂ ಗೊತ್ತಿರಲಿ.

ಇನ್ನೊಂದು ಅಪಾಯ ಫೋಟೊದ ಒಳಗೇ ಕೂತಿದೆ. ನೀಲಿ ಬಣ್ಣದ ಪೀಸಿಲೋಥೀರಿಯಾ ಮೆಟಾಲಿಕಾವನ್ನು ಪೊಕಾಕ್ ವರ್ಣಿಸಿದ್ದು 1899ರಲ್ಲಿ, ಆಂಧ್ರದ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕ ಮಾದರಿಯಿಂದ. ಆಮೇಲೆ ಸುಮಾರು ಒಂದು ಶತಮಾನ ಅದರ ಸುಳಿವಿರಲಿಲ್ಲ. 2001ರಲ್ಲಿ ನಂದ್ಯಾಲದ ಕಡೆಯ ಕಾಡಿನಲ್ಲಿ ಮತ್ತೆ ಸಿಕ್ಕಿತು, ಬಹಳ ಬೇಗ ಪಶ್ಚಿಮದ ಮಾರುಕಟ್ಟೆಯಲ್ಲಿ ಅದರ ಮರಿಗಳು ಮಾರಾಟಕ್ಕೆ ಬಂದವು. ಇವತ್ತು ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿಯಲ್ಲಿದೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಇಡೀ ಪೀಸಿಲೋಥೀರಿಯಾ ಕುಲ ಸೇರಿದ್ದು 2019ರ ಜಿನೀವಾ ಸಭೆಯಲ್ಲಿ. ನಿಮ್ಮ ಮೊಬೈಲು ಪ್ರತಿ ಚಿತ್ರದೊಳಗೂ ಜಾಗದ ಅಕ್ಷಾಂಶ ರೇಖಾಂಶ ಬರೆದಿಡಬಲ್ಲದು. ಆ ಸೆಟ್ಟಿಂಗನ್ನು ಮನೆಯಲ್ಲೇ ಆರಿಸಿ ಹೊರಡಿ. ಐನ್ಯಾಚುರಲಿಸ್ಟ್‌ಗೆ ಚಿತ್ರ ಹಾಕುವವರಿಗೆ ಜಾಗವನ್ನು ಮಸುಕು ಮಾಡಿ ತೋರಿಸುವ ಅವಕಾಶವಿದೆ, ಬಳಸಿ. ಚಿತ್ರದ ಕೆಳಗೆ ‘ಎಚ್.ಡಿ. ಕೋಟೆ ತಾಲ್ಲೂಕು’ ಎಂದರೆ ಸಾಕು, ಮರ ಯಾವುದು, ರಸ್ತೆ ಯಾವುದು ಎಂದು ಬರೆಯುವ ಅಗತ್ಯವಿಲ್ಲ. ನೆಫಿಲಾಕ್ಕೆ ‘ಬಲೆ ಕಟ್ಟಿದ ಗಿಡವನ್ನೂ ತೋರಿಸಿ’ ಎಂದವನು ಇಲ್ಲಿ ‘ಮುಚ್ಚಿಡಿ’ ಎನ್ನುತ್ತಿದ್ದೇನೆ. ನೆಫಿಲಾವನ್ನು ಕದ್ದು ಮಾರುವವರು ಇಲ್ಲ, ವ್ಯತ್ಯಾಸ ಅಷ್ಟೇ.

ಹಾಗಾದರೆ ಪ್ರಭೇದ ತಿಳಿಯುವುದು ಹೇಗೆ ಎಂದು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಚೀಟಿ ಕಳಿಸಿದ್ದಾಳೆ. ಬೆನ್ನಿನ ಚಿತ್ರದಿಂದ ಕುಲ ಹೇಳಬಹುದಮ್ಮ, ಪ್ರಭೇದದ ಜಾಗವನ್ನು ಖಾಲಿ ಬಿಡಬಹುದು. ಖಾಲಿ ಬಿಟ್ಟ ಜಾಗವೂ ಒಂದು ದಾಖಲೆಯೇ. ಇನ್ನೂ ಒಂದು ದಾರಿಯಿದೆ. ಈ ಜೇಡಗಳು ಬೆಳೆಯುತ್ತಾ ಪೊರೆ ಬಿಡುತ್ತವೆ, ಪೊಟರೆಯ ಬಾಯಲ್ಲೋ ಮರದ ಬುಡದಲ್ಲೋ ಕಾಲು ಸಮೇತ ಇಡೀ ಪೊರೆ ಸಿಗುವುದುಂಟು. ಕಾಲಿನ ಅಡಿಯ ಕೂದಲಿನ ಬಣ್ಣ ಅದರಲ್ಲಿ ಬಹುಮಟ್ಟಿಗೆ ಉಳಿದಿರುತ್ತದೆ. ತಿಳಿದವರು ಹೊಟ್ಟೆಯ ಭಾಗದ ಪೊರೆ ನೋಡಿ ಹೆಣ್ಣೋ ಗಂಡೋ ಎಂದೂ ಹೇಳಬಲ್ಲರು. ಮೀಸಲು ಕಾಡಿನೊಳಗೆ ಆ ಪೊರೆಯನ್ನೂ ಅನುಮತಿಯಿಲ್ಲದೆ ಎತ್ತಿಕೊಂಡು ಬರುವಂತಿಲ್ಲ. ಇದ್ದಲ್ಲೇ ಅಂಗಾತ ಮಾಡಿ, ಪಕ್ಕದಲ್ಲಿ ಸ್ಕೇಲಿಟ್ಟು ತೆಗೆಯಬೇಕು. ಪೊರೆ ಓಡುವುದಿಲ್ಲ, ಕಚ್ಚುವುದಿಲ್ಲ, ಬೆದರುವುದಿಲ್ಲ. ನಾನು ಆರಂಭದಿಂದ ಬೇಡ ಎನ್ನುತ್ತಿದ್ದ 1:1 ಕ್ಲೋಸಪ್ಪನ್ನು, ಬೇಕಿದ್ದರೆ ಫೋಕಸ್ ಸ್ಟ್ಯಾಕಿಂಗನ್ನೂ, ಅದರ ಮೇಲೆ ಧಾರಾಳವಾಗಿ ಮಾಡಬಹುದು.